ಅಜ್ಜನ ಕಂಬಳಿಯ ವಾಸನೆ

"ಮುಟ್ಟಬ್ಯಾಡ ಅಜ್ಜಿ!" ಮಧುಶ್ರೀ ಕಂಬಳಿಯ ಮೇಲೆ ಕೂತೇಬಿಟ್ಟಳು. "ತೊಳೆದ್ರೆ ಅಜ್ಜನ ವಾಸನೆ ಹೋಗ್ತತಿ."

ಅಜ್ಜಿ ದುರುಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. ಅಂಗಳದ ಕಲ್ಲುತೊಟ್ಟಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು.

"ಏಳು ಮಗಾ. ಡಾಕ್ಟ್ರು ಹೇಳಿದ್ದು ಮರೆತ್ಯಾ?"

ಮರೆಯುವುದು ಹೇಗೆ? ಹೋದ ವಾರ ತಮ್ಮ ಯತೀಶನ ಕಣ್ಣು ಹಳದಿಯಾಗಿತ್ತು. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಕುಬಟೂರಿನಿಂದ ಶಿಕಾರಿಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು.

ಇವರು ಕುರಿ ಸಾಕುವವರೆಂದು ತಿಳಿದ ಡಾಕ್ಟರ್ ನೀಲಾಂಬಿಕ, ಕುರಿಯ ಲೆಕ್ಕದಲ್ಲೇ ಬಿಡಿಸಿ ಹೇಳಿದ್ದರು.

"ರಕ್ತದಲ್ಲಿ ಕೆಂಪು ಕಣಗಳಿರ್ತವೆ. ಅವೇ ಕುರಿ ಅಂದ್ಕೊಳ್ಳಿ. ಅವನ್ನ ಕಾಯೋ ನಾಯಿ ಒಂದು ಪ್ರೋಟೀನು, ಹೆಸರು ಜಿ ಸಿಕ್ಸ್ ಪಿ ಡಿ. ಅದನ್ನ ಹೇಗೆ ಮಾಡಬೇಕು ಅಂತ ಮೈಯೊಳಗಿನ ಒಂದು ಜೀನ್‌ನಲ್ಲಿ ಬರೆದಿರುತ್ತೆ. ಯತೀಶಂಗೆ ಹುಟ್ಟಿನಿಂದಲೇ ಆ ಬರಹದಲ್ಲಿ ಒಂಚೂರು ತಪ್ಪಿದೆ. ಹಾಗಾಗಿ ನಾಯಿ ಬಡಕಲು. ದಿನಾ ಏನೂ ತೊಂದ್ರೆ ಇಲ್ಲ. ಆದ್ರೆ ಕೆಲವು ಮಾತ್ರೆ ನುಂಗಿದ್ರೆ, ನುಸಿಗುಳಿಗೆ ವಾಸನೆ ಎಳ್ಕೊಂಡ್ರೆ, ತೋಳ ನುಗ್ಗಿದ ಹಾಗೆ. ನಾಯಿಗೆ ತಡೆಯೋಕಾಗಲ್ಲ, ಕಣಗಳು ಒಡೆದುಹೋಗ್ತವೆ, ಕಣ್ಣು ಹಳದಿಯಾಗಿ ಉಚ್ಚೆ ಬಣ್ಣ ತಿರುಗುತ್ತೆ."

ನುಸಿಗುಳಿಗೆ! ಅಮ್ಮ ಅಲ್ಲೇ ಅತ್ತುಬಿಟ್ಟಿದ್ದಳು. ಹೋದ ವರ್ಷ ಅಜ್ಜ ತೀರಿಕೊಂಡ ಮೇಲೆ ಅವನ ಕಂಬಳಿಗೆ ಹುಳ ಬೀಳದಿರಲೆಂದು ಟ್ರಂಕಿನಲ್ಲಿ ಹಿಡಿ ತುಂಬ ಗುಳಿಗೆ ಹಾಕಿಟ್ಟವಳು ಅವಳೇ. ಚಳಿ ಎಂದು ಅದನ್ನು ತೆಗೆದು ತಮ್ಮನಿಗೆ ಮುಸುಕು ಹೊದಿಸಿದವಳು ಮಧು. ನೆನೆದರೆ ಈಗಲೂ ಅವಳಿಗೆ ಸಂಕಟವಾಗುತ್ತದೆ.

ಆದರೂ ಅದು ಅಜ್ಜನ ಕಂಬಳಿ. ಮಳೆ ಬಂದರೆ ಅಜ್ಜ ಅದನ್ನೇ ತಲೆಯ ಮೇಲಿಂದ ಕೊಪ್ಪೆ ಹಾಕಿ, ಒಳಗೆ ಎಳೆಯ ಕುರಿಮರಿಯನ್ನು ಅವುಚಿಕೊಂಡು ಬರುತ್ತಿದ್ದ. ಮಧು ಓಡಿಹೋಗಿ ತೂರಿಕೊಳ್ಳುತ್ತಿದ್ದಳು. ಮರಿ ಒಂದು ಕಡೆ, ಅವಳು ಒಂದು ಕಡೆ. ಅಷ್ಟು ಬೆಚ್ಚನೆಯ ಜಾಗ ಅವಳಿಗೆ ಮತ್ತೆಲ್ಲೂ ಸಿಕ್ಕಿಲ್ಲ.

"ಗಂಟು ಕಟ್ಟಿ ಕುರಿಹಟ್ಟಿಯಾಗೆ ಇಡಾನ. ನಾನೊಬ್ಳೇ ಹೋಗಿ ಮೂಸಿ ಬರ್ತೀನಿ" ಎಂದು ಗೋಗರೆದಳು. "ನೋಡಜ್ಜಿ, ಇನ್ನೂ ಅಜ್ಜನ ವಾಸನೆ ಐತಿ!"

ಅಜ್ಜಿ ಪಕ್ಕದಲ್ಲಿ ಕೂತು ಕಂಬಳಿಯ ಅಂಚನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಮೂಸಿ ತಲೆಯಾಡಿಸಿದಳು.

"ಹುಚ್ಚಿ, ಇದು ಬರೀ ಗುಳಿಗೆ ವಾಸನೆ. ನಿಮ್ಮಜ್ಜಂದು ಯಾವಾಗ್ಲೋ ಹೋತು."

ಮಧು ಮತ್ತೆ ಮೂಸಿದಳು. ಮೂಗು ಚುರುಗುಟ್ಟಿತು. ವರ್ಷವಿಡೀ ಟ್ರಂಕು ತೆಗೆದು ಮೂಸಿ, ಇದನ್ನೇ ಅಜ್ಜ ಎಂದುಕೊಂಡಿದ್ದಳಲ್ಲ! ಅಳು ಒತ್ತರಿಸಿಕೊಂಡು ಬಂತು.

ಅಷ್ಟರಲ್ಲಿ ಯತೀಶ ಜಗಲಿಯಿಂದ ಇಳಿದು ಇತ್ತ ಬರತೊಡಗಿದ.

"ಏಯ್, ಹತ್ರ ಬರಬ್ಯಾಡ! ಒಳಗೆ ಹೋಗೋ!" ಮಧು ಕೂಗಿದಳು. ಅವನು ಬಾಗಿಲು ದಾಟುವವರೆಗೂ ನೋಡುತ್ತಿದ್ದು, ಆಮೇಲೆ ಕಂಬಳಿಯನ್ನು ತಾನೇ ಎತ್ತಿ ತೊಟ್ಟಿಯಲ್ಲಿ ಅದ್ದಿದಳು. ಅದು ನೀರು ಕುಡಿದು ಕಲ್ಲಿನಷ್ಟು ಭಾರವಾಯಿತು. ಅಜ್ಜಿ ಇನ್ನೊಂದು ತುದಿ ಹಿಡಿದಳು.

"ಅಜ್ಜಿ, ಅಜ್ಜನ ವಾಸನೆ ಖರೇನೇ ಹೆಂಗಿತ್ತು?"

"ಒದ್ದೆ ಕುರಿ, ಒಲೆ ಹೊಗೆ..." ಅಜ್ಜಿ ಹಿಂಡುತ್ತಾ ನಕ್ಕಳು. "ಮದುವಿ ಆದ ಹೊಸದ್ರಾಗೆ ನಾನು ಮೂಗು ಮುಚ್ಕೊಂತಿದ್ದೆ!"

"ಆಮೇಲೆ?" ಎಂದಳು ಮಧು.

ಅಜ್ಜಿ ಹೇಳುತ್ತಾ ಹೋದಳು. ಮಧು ತನ್ನ ತುದಿಯನ್ನು ಬಿಗಿಯಾಗಿ ಹಿಡಿದು ಹಿಂಡುತ್ತಾ ಕೇಳಿಸಿಕೊಂಡಳು.