ನಿಮ್ಮ ತಲೆಯಾಣೆ

"ಆ ಕುರ್ಚೀಲಿ ಕೂತು ಯಾರ ಹತ್ರಾನೂ ಆಣೆ ಮಾಡಿಸ್ಬೇಡ ಕಣೋ," ಎಂದಳು ಅಕ್ಕ. "ಹಳೇ ನಾಯಕ ಹೋಗೋವಾಗ ಅದಕ್ಕೆ ಮಾಟ ಮಾಡ್ಸಿದ್ದಾನೆ. ಅದರಲ್ಲಿ ಕೂತೋನ ತಲೆ ಮುಟ್ಟಿ ಸುಳ್ಳಾಣೆ ಹಾಕಿದ್ರೆ, ಕೂತೋನು ಉಳಿಯಲ್ಲ. ಒಬ್ಬರಾದ್ರೂ ನಿಜ ಹೇಳಿದ್ರೆ ಮಾತ್ರ ಬಿಡುತ್ತಂತೆ."

ಈಗಿನ ನಾಯಕ, ಅವಳ ತಮ್ಮ, ನಕ್ಕ. ಹಿರಿಯ ಶಾಸಕಿಯಾದ ಅಕ್ಕನೇ ಅವನನ್ನು ಈ ಪಕ್ಷಕ್ಕೆ ಕರೆತಂದಿದ್ದಳು. ಪಟ್ಟ ಕಟ್ಟಿ ವರ್ಷ ತುಂಬಿರಲಿಲ್ಲ. ಅವನನ್ನು ಇಳಿಸಲು ಅದೇ ಪಕ್ಷದ ಶಾಸಕರು ನಾಳೆ ಮತ ಹಾಕುವವರಿದ್ದರು.

"ನನಗೆ ನಂಬಿಕೆ ಇಲ್ಲ, ಅವರಿಗಿದೆ. ಹೆದರಿ ನಿಜ ಕಕ್ತಾರೆ."

"ಅವರ್ಯಾಕೆ ಹೆದರ್ತಾರೆ? ಸಾಯೋದು ನೀನಲ್ವಾ?"

"ಹಾಗಾದ್ರೆ ನಿಜ ಹೇಳೋಕೆ ನೀನಿದ್ದೀಯಲ್ಲ."

ಅಕ್ಕ ನೆಲ ನೋಡಿದಳು. ಅವನು ಅದನ್ನು ಗಮನಿಸಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ತಾನು ಗಂಟಲು ಹರಿದುಕೊಂಡು ಗೆಲ್ಲಿಸಿದ್ದ ನಾಲಾಯಕ್ಕುಗಳು ಈಗ ಅವನ ಫೋನನ್ನೇ ಎತ್ತುತ್ತಿರಲಿಲ್ಲ.

ಕಚೇರಿಯ ಸಭಾಂಗಣದಲ್ಲಿ ನಡುಮಧ್ಯಾಹ್ನವೇ ಪರದೆ ಎಳೆದಿದ್ದರು. ಕಾರ್ಪೆಟ್ಟಿನ ಮುಗ್ಗಲು ವಾಸನೆಯ ಜೊತೆಗೆ ಕುರ್ಚಿಯ ಚರ್ಮದಿಂದ ಸುಟ್ಟ ಕೂದಲಿನ ನಾತ ಏಳುತ್ತಿತ್ತು. ಅದರಲ್ಲಿ ಕೂತ ನಾಯಕ, ಆಣೆ ಎಂದೊಡನೆ ಶಾಸಕರು ಹಿಂಜರಿಯುತ್ತಾರೆ ಎಂದುಕೊಂಡಿದ್ದ. ಅವರು ಸಾಲುಗಟ್ಟಿದರು. ನೂಕಾಡಿಕೊಂಡು ಸಾಲುಗಟ್ಟಿದರು.

ಮೊದಲು ಬಂದವನು ಪಕ್ಷದ ಸಚೇತಕ. ನಯವಾದ ಮಾತಿಗೆ ಅವನನ್ನು ಎಲ್ಲರೂ ಬೆಣ್ಣೆ ಎನ್ನುತ್ತಿದ್ದರು.

"ಅಣ್ಣಾ, ನಿಮ್ಮ ತಲೆಯಾಣೆ. ನಾಳೆ ನನ್ನ ಮತ ನಿಮಗೇ."

ಬೆಣ್ಣೆ ಕೈ ತೆಗೆದ. ಕೈಯ ಭಾರ ಮಾತ್ರ ತಲೆಯ ಮೇಲೇ ಉಳಿಯಿತು.

ಇನ್ನೊಂದು ಕೈ. ಮತ್ತೊಂದು. ಬೆವೆತದ್ದು, ತಣ್ಣನೆಯದು, ಉಂಗುರ ಚುಚ್ಚುವುದು. ಒಂದೊಂದೂ ತನ್ನ ಭಾರ ಬಿಟ್ಟುಹೋಯಿತು. ಕತ್ತಿನೊಳಗೆ ಏನೋ ಲಟಕ್ಕೆಂದಿತು. ದೀಪಗಳು ಮಂಕಾದವು. ಸಾಕು ಎನ್ನಲು ಬಾಯಿ ತೆರೆದ. ಸದ್ದಿಲ್ಲ. ಏಳಲು ನೋಡಿದ. ತೊಡೆಗಳು ಚರ್ಮಕ್ಕೆ ಅಂಟಿದ್ದವು.

"ಬೇಗ ಬನ್ರಪ್ಪಾ, ಅಣ್ಣಂಗೆ ಸುಸ್ತಾಗಿದೆ," ಎಂದ ಬೆಣ್ಣೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕತ್ತಲೆ. ಉಸಿರಿಲ್ಲ. ಮೂಗಿನಿಂದ ಬಿಸಿ ರಕ್ತ.

ಸಾಲನ್ನು ಸೀಳಿಕೊಂಡು ಬಂದ ಅಕ್ಕ ಅವನ ನೆತ್ತಿಯ ಮೇಲೆ ಕೈ ಊರಿದಳು. "ನಿನ್ನ ತಲೆಯಾಣೆ ಕಣೋ. ನಾಳೆ ನನ್ನ ಮತಾನೂ ನಿನಗಿಲ್ಲ. ಹೋದ ವಾರಾನೇ ನಿರ್ಧಾರ ಮಾಡಿದ್ದೆ. ಈ ಕುರ್ಚಿ ಸಿಕ್ಕ ಮೇಲೆ ನೀನು ಮನುಷ್ಯನಾಗಿ ಉಳಿದಿಲ್ಲ."

ಭಾರವೆಲ್ಲ ಒಮ್ಮೆಲೇ ಜಾರಿತು. ಬೆಳಕು ಬಂತು. ಅಕ್ಕನ ಅಂಗೈ ಕರಕಲಾಗಿ ಹೊಗೆಯಾಡುತ್ತಿತ್ತು. ಅದನ್ನು ಎದೆಗವಚಿಕೊಂಡು ಅವಳು ನರಳಿದಳು.

ಸಿಕ್ಕ ಮೊದಲ ಉಸಿರಿನಲ್ಲೇ ಅವನೆಂದ: "ದ್ರೋಹಿ."

"ಏಳೋ, ಕೈ ಮುಗೀತೀನಿ, ಮೊದಲು ಆ ಕುರ್ಚಿ ಬಿಟ್ಟೇಳು."

"ಬಿಪಿ ಏರಿತ್ತು, ಅಷ್ಟೇ. ಇವಳನ್ನ ಆಚೆ ದಬ್ಬಿ."

ದಬ್ಬಿದರು. ಬಾಗಿಲು ಮುಚ್ಚಿತು. ಬೆಣ್ಣೆ ಕರವಸ್ತ್ರ ತೆಗೆದು ಅವನ ಮೂಗೊರೆಸಿದ. "ಒಡಹುಟ್ಟಿದೋಳೇ ಹೀಗೆ ಮಾಡಿದ್ರೆ ಏನು ಹೇಳೋಣ. ನಾವಿದ್ದೀವಲ್ಲ ಅಣ್ಣಾ."

ಅಕ್ಕನ ಮೇಲಿನ ಸಿಟ್ಟಿಗೆ ನಾಯಕನ ಕಣ್ಣು ತುಂಬಿ ಬಂತು. ಬೆಣ್ಣೆಯ ಕೈ ಹಿಡಿದೆಳೆದು, ತಾನೇ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಇನ್ನೊಂದ್ಸಲ ಹೇಳು."