ನಾಲ್ಕನೇ ಜ್ವರ

"ತೆಗೇದಾಕಾ ಲಾಗಕೂಡದು ಸ್ವಾಮಿ! ಹರಿಯೋ ತನಕ ಎಳೀಬೇಡ್ರಿ. ಸೋತೋರ ಕೈಲೂ ಒಂದಿಷ್ಟು ಉಳೀಲಿ," ಎಂದರು ಆವಲಪ್ಪ, ತೆಲುಗು ಗಾದೆ ಬೆರೆಸಿ. ಸಾದಲಿ ಕಡೆಯ ಆ ಊರಿನಲ್ಲಿ ನಲವತ್ತು ವರ್ಷ ರಾಜಿ ಮಾಡಿಸಿದ ಮುದುಕ.

ಮೋಹನ್‌ಬಾಬು ನಕ್ಕ. ಚಿಂತಾಮಣಿಯ ವಕೀಲ, ಹೆಂಡತಿಯ ತವರಿಗೆ ಬಂದು ನೆಲೆಸಿ ಮೂರೇ ತಿಂಗಳು. ಅವನ ಮಾವನಿಗೂ ಪಕ್ಕದ ಮನೆಯ ಅಮ್ಮಾಜಮ್ಮನಿಗೂ ಬದುವಿನ ಜಗಳ. ಅಮ್ಮಾಜಮ್ಮನ ಮಗ ಬಯ್ಯಪ್ಪ ಮಾವನ ತಲೆ ಒಡೆದಿದ್ದ. ಮೋಹನ್‌ಬಾಬು ಹಾಕಿದ ಷರತ್ತು ಇದು: ಕೇಸು ವಾಪಸು ಪಡೆಯಬೇಕಾದರೆ ಅಮ್ಮಾಜಮ್ಮನ ಮನೆಯವರು ತಮ್ಮ ಹಿಪ್ಪುನೇರಳೆ ತೋಟ ಬಿಟ್ಟುಕೊಡಬೇಕು, ಬೀದಿ ಬಾಗಿಲಿಗೆ ಗೋಡೆ ಕಟ್ಟಿ ಹಿತ್ತಲಿನಿಂದಲೇ ಓಡಾಡಬೇಕು, ಅದೂ ಇವತ್ತೇ. ವಕೀಲನ ಬುದ್ಧಿಗೇನು ಬರವೇ?

"ಹುಳ ನಾಲ್ಕನೇ ಜ್ವರ ಎದ್ದೈತೆ ಕಣಪ್ಪ," ಅಮ್ಮಾಜಮ್ಮ ಕೈ ಮುಗಿದಳು. "ಹಣ್ಣಾಗಿ ಗೂಡು ಕಟ್ಟೋಕೆ ಇನ್ನೈದು ದಿನ. ಅಷ್ಟು ದಿನ ಸೊಪ್ಪು ಕುಯ್ಯೋಕೆ ಬಿಡು. ಆಮೇಲೆ ಎಲ್ಲಾ ನಿಂದೇ."

ರೇಷ್ಮೆಹುಳ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲುಗದೆ ನಿಂತು ಪೊರೆ ಕಳಚುವುದಕ್ಕೆ ಅಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳದ ಹಸಿವು ಭಯಂಕರ.

"ಹುಳಕ್ಕೆಲ್ಲಾ ವಾಯಿದೆ ಕೊಡೋಕಾಗುತ್ತೇನಮ್ಮ?" ಎಂದ ಮೋಹನ್‌ಬಾಬು. ಸಂಜೆಯೊಳಗೆ ತೋಟಕ್ಕೆ ಬೇಲಿ ಬಿತ್ತು, ಬಾಗಿಲಿಗೆ ಇಟ್ಟಿಗೆ ಎದ್ದಿತು.

ಮೂರನೇ ದಿನಕ್ಕೆ ಕೊಳೆತ ಹುಳದ ನಾತ ಬೀದಿಗೆಲ್ಲಾ ಹಬ್ಬಿತು. ನಡು ಮಧ್ಯಾಹ್ನ ಅಮ್ಮಾಜಮ್ಮ ತಲೆ ಕೆದರಿಕೊಂಡು ಬಂದಳು. ಮಡಿಲ ತುಂಬ ಕಪ್ಪಿಟ್ಟ ಹುಳ. ಅವನ್ನು ಮಣ್ಣಿನೊಂದಿಗೆ ಬೆರೆಸಿ ಮೋಹನ್‌ಬಾಬುವಿನ ಹೊಸಿಲಿಗೆ ತೂರಿದಳು. "ನನ್ನ ಹುಳದ ಹಸಿವು ನಿನ್ನ ಮನೆ ಸೇರ್ಲಿ!"

"ಗುಡಿಸಿಹಾಕಿ," ಎಂದ ಅವನು, ಮತ್ತೆ ನಕ್ಕು.

ಮರುದಿನ ಎಂಟು ವರ್ಷದ ಮಗಳು ಅಮೃತ ಅನ್ನ ಮುಟ್ಟಲಿಲ್ಲ. ಗೋಡೆಗೊರಗಿ, ಕತ್ತು ಮೇಲೆತ್ತಿ, ಕಣ್ಣು ಬಿಟ್ಟುಕೊಂಡು ಕೂತವಳು ಇಡೀ ದಿನ ಅಲುಗಲಿಲ್ಲ. ಎದ್ದಾಗ ಅಂಗೈಯ ಚರ್ಮ ಹಾಳೆಯಾಗಿ ಸುಲಿದಿತ್ತು. ಅಡುಗೆಮನೆಗೆ ಓಡಿ ದಂಟಿನ ಸೊಪ್ಪನ್ನು ಹಸಿಹಸಿಯಾಗಿ ತಿಂದಳು. ಚರಚರ, ಚರಚರ. ಚಿಕ್ಕಬಳ್ಳಾಪುರದ ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿಸಿ ಏನೂ ದೋಷವಿಲ್ಲ ಎಂದರು.

ಎರಡನೇ ಸಲ. ಮೂರನೇ ಸಲ. ತಾಯಿ ಶಿರೀಷಾ ಬೆರಳೆಣಿಸುತ್ತಾ ಅತ್ತಳು. ರೇಷ್ಮೆ ಸಾಕಿದ ಮನೆಯ ಮಗಳಲ್ಲವೇ, ಅವಳಿಗೆ ಗೊತ್ತು. "ನಾಲ್ಕಾದ್ಮೇಲೆ ಗೂಡು ಕಟ್ತದೆ ರೀ. ಕಟ್ಟಿದ ಹುಳ ಬದುಕಲ್ಲ!"

ನಾಲ್ಕನೆಯದೂ ಬಂತು. ಹೋಯಿತು. ಐದು ದಿನ ಮನೆಯಲ್ಲಿ ಅದೊಂದೇ ಸದ್ದು. ಚರಚರ. ಆರನೇ ಬೆಳಿಗ್ಗೆ ಸದ್ದು ನಿಂತಿತು. ಮೋಹನ್‌ಬಾಬು ಕೋಣೆಗೆ ಓಡಿದ. ಮಗಳ ಮೈ ಹಳದಿ. ತಲೆ ಆಚೀಚೆ ಆಡುತ್ತಿತ್ತು. ತುಟಿಯಿಂದ ಒಂದು ಎಳೆ. ತೆಳ್ಳಗೆ. ಹೊಳೆಯುತ್ತಿತ್ತು. ಅಯ್ಯೋ ದೇವರೇ! ಮಗುವನ್ನು ಬಾಚಿಕೊಂಡ. ಓಡಿದ. ಅಮ್ಮಾಜಮ್ಮನ ಬೀದಿ ಬಾಗಿಲಿದ್ದಲ್ಲಿ ಗೋಡೆ. ಅವನೇ ಕಟ್ಟಿಸಿದ ಗೋಡೆ. ತಿಪ್ಪೆ ತುಳಿದ. ಮುಳ್ಳು ತುಳಿದ. ಹಿತ್ತಲ ಕುಳ್ಳ ಬಾಗಿಲಲ್ಲಿ ತಲೆ ಬಗ್ಗಿಸಿದ.

ಒಳಗೆ ಕತ್ತಲು, ನಾತ. "ತಪ್ಪಾಯ್ತು ತಾಯಿ, ಮಗೂನ ಉಳಿಸು!"

ಅಮ್ಮಾಜಮ್ಮ ಮಗುವಿನ ಗಲ್ಲ ಹಿಡಿದಳು. "ಅಯ್ಯೋ ಕೂಸೇ, ನಿನ್ನ ಜೀವ ಕೇಳಿರ್ಲಿಲ್ಲ ಕಣಮ್ಮ ನಾನು." ಎಳೆ ಹರಿಯಲು ಬೆರಳು ಚಾಚಿದಳು.

"ತಡಿಯಮ್ಮ," ಬಯ್ಯಪ್ಪ ಅವಳ ಕೈ ಹಿಡಿದ. "ಮೊದಲು ಪತ್ರ. ನಮ್ಮ ತೋಟ ವಾಪಸು, ಜೊತೆಗೆ ಅವರದೂ. ಅವರ ಬೀದಿ ಬಾಗಿಲಿಗೂ ಗೋಡೆ. ಇವತ್ತೇ."

ಕೂಗು ಕೇಳಿ ಬಂದಿದ್ದ ಆವಲಪ್ಪ ಕೈ ಮುಗಿದರು. "ಬೇಡ ಕಣೋ ಬಯ್ಯಪ್ಪ. ಒಂದಿಷ್ಟು ಉಳಿಸು."

ಬಯ್ಯಪ್ಪ ನಕ್ಕ. ಥೇಟ್ ಮೋಹನ್‌ಬಾಬುವಿನದೇ ನಗೆ.

ಬಯ್ಯಪ್ಪ ಬರೆದ ಪತ್ರಕ್ಕೆ ಮೋಹನ್‌ಬಾಬು ಮಾವನ ಪರವಾಗಿ ಓದದೆ ಸಹಿ ಹಾಕಿದ. ಅಮ್ಮಾಜಮ್ಮ ಎಳೆ ಹರಿದು ಮಗುವಿನ ಬಾಯಿಗೆ ನೀರು ಬಿಟ್ಟಳು. ಅಮೃತ ಕೆಮ್ಮಿ "ಅಮ್ಮಾ" ಎಂದಳು.

ಸಂಜೆ ಮೋಹನ್‌ಬಾಬುವಿನ ಬೀದಿ ಬಾಗಿಲಿಗೆ ಮೊದಲ ಸಾಲಿನ ಇಟ್ಟಿಗೆ ಬೀಳುತ್ತಿತ್ತು. ಶಿರೀಷಾ ತಟ್ಟೆಯಲ್ಲಿ ಬಿಸಿ ಅನ್ನ ತಂದಳು. ಅಮೃತ ಹೊಸಿಲಿನಲ್ಲಿ ಕೂತು, ಎದುರಿಗೆ ನಿಂತ ಬಯ್ಯಪ್ಪನನ್ನೇ ನೋಡುತ್ತಿದ್ದಳು. ಅವಳ ಬಲಗೈ ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಿಂದ, ಅಂದು ಅಮ್ಮಾಜಮ್ಮ ತೂರಿದ್ದಂಥದೇ, ಮಣ್ಣು ಉದುರುತ್ತಿತ್ತು.

"ಕೈ ಬಿಚ್ಚಮ್ಮ, ಊಟ ಮಾಡು," ಎಂದಳು ಶಿರೀಷಾ.

ಅಮೃತ ಬಿಚ್ಚಲಿಲ್ಲ.