ಬಂಡೆಯ ಹಿಂದಿನ ನೀರು

"ಯಾವಾಗ್ಲೂ ನಾನೇ ಯಾಕೆ ಹುಟ್ಟು ಹಾಕ್ಬೇಕು ಅತ್ತೆ? ನೀನು ಮಾತ್ರ ಆರಾಮಾಗಿ ಮೀನು ಹಿಡೀತೀಯ," ಎಂದು ಚೂಟಿ ಮುಖ ಊದಿಸಿಕೊಂಡಳು.

ಇಬ್ಬರು ಕೂರುವ ಕಿರಿದಾದ ಹಳದಿ ದೋಣಿ, ಕಯಾಕ್, ಹೊಳೆಯ ದಡಕ್ಕೆ ಒರಗಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಅತ್ತೆ, ಕೈಯಲ್ಲಿ ಉದ್ದನೆಯ ಗಾಳ. ಅದರ ತುದಿಗೆ ಎರೆಹುಳು ಇರಲಿಲ್ಲ. ಪುಕ್ಕಕ್ಕೆ ದಾರ ಸುತ್ತಿ ಅತ್ತೆಯೇ ಮಾಡಿದ ಪುಟ್ಟ ನೊಣವಿತ್ತು.

"ಸರಿ, ಜಾಗ ಬದಲಾಯಿಸೋಣ," ಎಂದಳು ಅತ್ತೆ. "ಹುಟ್ಟು ಹಾಕೋದು ಏನ್ ಮಹಾ ಕೆಲಸ, ಅಲ್ವಾ? ನಾನು ಸುಮ್ನೆ ಕೂತಿರ್ತೀನಿ."

ಕಯಾಕ್ ಹೊಳೆಗೆ ಇಳಿದ ಮೇಲೆ ಹಿಂದಿನ ಸೀಟಿನಲ್ಲಿ ಅತ್ತೆ ಹುಟ್ಟು ಹಾಕದೆ ನಿಜವಾಗಿಯೂ ಸುಮ್ಮನೆ ಕೂತಳು. ಚೂಟಿ ಗಾಳ ಬೀಸುವಷ್ಟರಲ್ಲಿ ಸೆಳವು ಕಯಾಕನ್ನು ಬುಗುರಿಯಂತೆ ತಿರುಗಿಸಿತು. ನೊಣ ಹಾರಿ ಬಂದು ಅತ್ತೆಯ ಟೋಪಿಗೆ ಸಿಕ್ಕಿಕೊಂಡಿತು.

"ಮೊದಲ್ನೇ ಸಲಕ್ಕೇ ಎಷ್ಟು ದೊಡ್ಡದು ಸಿಕ್ತು ನೋಡು," ಎಂದಳು ಅತ್ತೆ. ಚೂಟಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ದಡ ಸೇರುವವರೆಗೂ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಚೂಟಿ ಮತ್ತೆ ಹಿಂದೆ ಕೂತು ಹುಟ್ಟು ಹಿಡಿದಳು.

"ಹೊಳೆ ಮಧ್ಯೆ ಇರೋ ಆ ಬಂಡೆ ಹಿಂದೆ ನೀರು ಓಡಲ್ಲ, ಅಲ್ಲೇ ಸುತ್ತುತ್ತೆ. ಕಯಾಕನ್ನ ಅದರೊಳಗೆ ತೂರಿಸು," ಎಂದಳು ಅತ್ತೆ.

ಮೊದಲ ಸಲ ಗುರಿ ತಪ್ಪಿತು. ಹೊಳೆ ಅವರನ್ನು ದೂರ ತಳ್ಳಿಬಿಟ್ಟಿತು. ಚೂಟಿ ಏದುಸಿರು ಬಿಡುತ್ತಾ ದಡದ ಪಕ್ಕದಲ್ಲೇ ಸೆಳವಿಗೆ ಎದುರಾಗಿ ಹುಟ್ಟು ಹಾಕಿ ಮೇಲಕ್ಕೆ ಬಂದು ಮತ್ತೆ ನುಗ್ಗಿದಳು. ಈ ಸಲ ಕಯಾಕ್ ಬಂಡೆಯ ಹಿಂದೆ ಸರ್ರನೆ ಸೇರಿ ನಿಂತೇ ಹೋಯಿತು. ಎರಡೂ ಕಡೆ ನೀರು ಭೋರ್ಗರೆಯುತ್ತಿತ್ತು. ನಡುವೆ ಇವರು ಮಾತ್ರ ಅಲುಗದೆ ಇದ್ದರು.

ಅತ್ತೆ ಗಾಳ ಬೀಸಿದಳು. ನೊಣ ತೇಲಿತು. ನೀರು ಬುಳಕ್ಕೆಂದಿತು. ಗಾಳ ಬಿಲ್ಲಿನಂತೆ ಬಾಗಿತು.

ಮೀನು ಸೆಳವಿನ ಕಡೆ ಓಡಿತು. ಕಯಾಕಿನ ಮೂತಿಯೂ ಅತ್ತಲೇ ತಿರುಗಿತು.

"ಅತ್ತೆ, ಹೊರಗೆ ಹೋಗ್ತಿದೀವಿ."

"ನನ್ನ ಕೈ ಖಾಲಿ ಇಲ್ಲ ಪುಟ್ಟಿ. ನೀನೇ ನೋಡ್ಕೋ."

ಚೂಟಿ ಹಲ್ಲು ಕಚ್ಚಿ ಹುಟ್ಟಿನಿಂದ ನೀರನ್ನು ಎಳೆದಳು. ಒಮ್ಮೆ, ಇನ್ನೊಮ್ಮೆ. ಮೂತಿ ನಿಧಾನವಾಗಿ ಒಳಕ್ಕೆ ತಿರುಗಿತು. ಕಯಾಕ್ ನಿಂತಿತು. ಮೀನು ಹತ್ತಿರ ಬಂತು.

ಅತ್ತೆ ಕೊಕ್ಕೆ ಬಿಡಿಸಿ, ಮೀನನ್ನು ನೀರಿನಲ್ಲೇ ಹಿಂದೆ ಕೂತ ಚೂಟಿಯ ಕಡೆಗೆ ಸರಿಸಿದಳು. ಮತ್ತೆ ಹೊಳೆಗೆ ಬಿಡುವ ಮೀನಿಗೆ ನೋವಾಗದಂತೆ ಚೂಟಿ ಕೈ ಒದ್ದೆ ಮಾಡಿಕೊಂಡು ಹಿಡಿದಳು. ಬೆಳ್ಳಿ ಹೊಟ್ಟೆ, ಬೆನ್ನ ಮೇಲೆ ಕಪ್ಪು ಚುಕ್ಕಿ. ಅಂಗೈಯಲ್ಲಿ ಒಮ್ಮೆ ಕೊಸರಾಡಿ, ಜಾರಿ ಹೋಯಿತು.

"ಈಗ ನಿನ್ನ ಸರದಿ. ದಡಕ್ಕೆ ಹೋಗಿ ಜಾಗ ಬದಲಾಯಿಸೋಣ," ಎಂದಳು ಅತ್ತೆ.

ಚೂಟಿಯ ಕಣ್ಣು ಹೊಳೆ ಹರಿಯುವ ಕಡೆ, ಸ್ವಲ್ಪ ಕೆಳಗಿದ್ದ ಇನ್ನೊಂದು ಬಂಡೆಯ ಮೇಲಿತ್ತು. ಅದು ಇದಕ್ಕಿಂತ ಚಿಕ್ಕದು, ಅದರ ಹಿಂದಿನ ಜಾಗ ಇನ್ನೂ ಇಕ್ಕಟ್ಟು.

"ಆಮೇಲೆ ಅತ್ತೆ," ಎನ್ನುತ್ತಾ ಹುಟ್ಟನ್ನು ನೀರಿಗಿಳಿಸಿದಳು. "ಅಲ್ಲಿ ನಿಲ್ಲಿಸ್ತೀನಿ. ನೀನು ಗಾಳ ಎಡಗಡೆಗೆ ಹಾಕು."